ಲಾವಂಚದ ದಂಡೆ

ಕೂಲರಿನ ಲಾವಂಚದ ತಟ್ಟಿ ಒದ್ದೆಯಾಗಿ ಮನೆಯೆಲ್ಲ ಘಮ್ಮೆಂದರೆ, ನಾನು ಇಂದಿಗೂ ರಾಯಿಕೋಡಿನ ಹತ್ತಿರದ ನಮ್ಮೂರ ಹಳ್ಳದಲ್ಲಿರುತ್ತೇನೆ.

ಆಗ ನಿಜಾಮರ ಕಾಲ. ಹೈದರಾಬಾದಿನ ನವಾಬರ ಕಿಟಕಿಗೆ ಕಟ್ಟುವ ತಟ್ಟಿಗೆಂದು ನಮ್ಮೂರವರೇ ದಂಡೆಯ ಲಾವಂಚವನ್ನು ಬೇರುಸಹಿತ ಅಗೆದು ಮಾರಿದ್ದರು. ಹಿಡಿತ ತಪ್ಪಿದ ದಂಡೆ ಮಳೆಗೆ ಕುಸಿದು ಹಳ್ಳದಲ್ಲಿ ಹೂಳು ತುಂಬಿತು. ಬೇಸಿಗೆಯಲ್ಲಿ ಉಸುಕು ತೋಡಿದರೂ ಹನಿ ನೀರಿಲ್ಲದಂತಾಯಿತು. ನನ್ನ ಅಜ್ಜ, ಮುತ್ಯಾ, ಊರವರನ್ನು ಕೂಡಿಸಿ ಹೂಳೆತ್ತಿಸಿದ, ದಂಡೆಯುದ್ದಕ್ಕೂ ಮತ್ತೆ ಲಾವಂಚ ನೆಡಿಸಿದ. ಒಂದು ಬೇರನ್ನೂ ಕೀಳುವುದಿಲ್ಲವೆಂದು ಎಲ್ಲರಿಂದ ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿದ.

ಕೆಲವು ಮಳೆಗಾಲ ಕಳೆದ ಮೇಲೆ, ಒಂದು ಬೇಸಿಗೆಯಲ್ಲಿ ಅವನೇ ಜ್ವರದಿಂದ ಮಲಗಿದ. "ಲಾವಂಚದ ನೀರು ಕುಡೀಬೇಕು ಅನಸ್ತದ" ಎಂದು ಕನವರಿಸಿದ. ಆ ನೀರಿಗೆ ಬೇರು ಕಿತ್ತು ನೆನೆಸಬೇಕು, ಅದಕ್ಕೆ ಆಣೆ ಅಡ್ಡವಿತ್ತು. ನನ್ನ ಅಜ್ಜಿ, ಆಯಿ, ಸುಡುವ ಮಧ್ಯಾಹ್ನ ನನ್ನನ್ನು ಕರೆದುಕೊಂಡು ಹಳ್ಳಕ್ಕೆ ಹೋದಳು. ಲಾವಂಚದ ಬುಡದ ಕೆಳಗಿನ ಉಸುಕನ್ನು ಕೈಯಿಂದಲೇ ತೋಡಿ ಕಾದು ಕುಳಿತಳು. ತಣ್ಣನೆಯ ನೀರು ನಿಧಾನವಾಗಿ ಜಿನುಗಿತು. ಬಟ್ಟಲಿನಿಂದ ಮೊಗೆದು ತಂಬಿಗೆ ತುಂಬಿದಳು.

ಮುತ್ಯಾ ಮೂಸಿ ನೋಡಿದ; ಲಾವಂಚದ ಘಮ ಬಂದದ್ದೇ ತಂಬಿಗೆಯನ್ನು ದೂರ ಸರಿಸಿದ. "ಬೇರು ಕಿತ್ತಿಯೇನ?"

"ಇಲ್ರಿ, ಬೇರು ಅಲ್ಲೇ ಅವ. ಇದು ಒರತಿ ನೀರು."

"ನಮ್ಮ ಹಳ್ಳದಾಗ ಒರತಿ ಬಂದದ?"

ಅವನು ಎದ್ದು ಕುಳಿತ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲ ಗುಟುಕನ್ನು ನನಗೆ ಕುಡಿಸಿದ.