ಚಿಕ್ಕಮ್ಮನ ಬೊಕೆಗೆ ಬಂದ ಹೆಜ್ಜೇನು

ಎಡವಟ್ಟು ಶುರುವಾದದ್ದು ಬೆಳಗ್ಗೆ ಹತ್ತೂವರೆಗೆ, ಚಿಕ್ಕಮ್ಮನ ಮದುವೆಯ ಬೊಕೆಗೆ ಅಜ್ಜಿ ಹೊಂಬಾಳೆ ಸಿಕ್ಕಿಸಿದಾಗ. ಈಗಲೂ ತೆಂಗಿನ ಹೊಂಬಾಳೆಯ ವಾಸನೆ ಮೂಗಿಗೆ ಬಡಿದರೆ ನಾನು ಅಲ್ಲಾಡದೆ ನಿಂತುಬಿಡುತ್ತೇನೆ.

ಆರತಕ್ಷತೆಯಲ್ಲಿ ಪೇಟೆಯವರಂತೆ ಬೊಕೆ ಹಿಡಿಯಬೇಕೆಂಬುದು ಚಿಕ್ಕಮ್ಮನ ಆಸೆ. ಜೀವಮಾನವೆಲ್ಲ ಮಾಲೆ ಕಟ್ಟಿದ್ದ ಅಜ್ಜಿ, "ಹೂವ ಮುಡೀತಾರೆ ಕಣೇ, ಸೊಪ್ಪಿನ ಕಂತೆ ಹಂಗೆ ಹಿಡ್ಕಂತಾರಾ?" ಎಂದು ಬೈಯುತ್ತಲೇ ಸುಗಂಧರಾಜದ ಕಡ್ಡಿಗಳನ್ನು ಜೋಡಿಸಿ, ನೆನೆಸಿದ ಬಾಳೆನಾರಿನಿಂದ ಬಿಗಿದಳು. ಶುಭಕ್ಕೆಂದು ಆಗತಾನೆ ಮರದಿಂದ ಇಳಿಸಿದ ಹೊಂಬಾಳೆಯನ್ನೂ ನಡುವೆ ಇಟ್ಟಳು. ಗಂಡಿನ ಮೇಲೆ ಅವಳಿಗೆ ನಂಬಿಕೆಯೇ ಇರಲಿಲ್ಲ. "ಬಾಯಿಲ್ಲದ ಹುಡುಗ, ಇವಳನ್ನ ಹೆಂಗ್ ಕಾಯ್ತಾನೋ!"

ಚಪ್ಪರದಲ್ಲಿ ಜನ ಉಡುಗೊರೆ ಹಿಡಿದು ಸಾಲು ನಿಂತಿದ್ದಾಗ ಹೆಜ್ಜೇನು ಬಂದವು. ಮೊದಲು ಎರಡು, ಆಮೇಲೆ ಹೂವೇ ಕಾಣದಷ್ಟು.

"ಅಲ್ಲಾಡಬ್ಯಾಡ ಕಣೇ!" ಅಜ್ಜಿ ಕೂಗಿದಳು. ಚಿಕ್ಕಮ್ಮ ಹುಟ್ಟಿದ ಮೇಲೆ ಮೊದಲ ಸಲ ಸುಮ್ಮನಾದಳು. ನೆಂಟರು ಊಟದ ಎಲೆ ತುಳಿದುಕೊಂಡು ಓಡಿದರು. ಗಂಡು ಮಾತ್ರ ಬೊಕೆಯನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡು, ತುಂಬಿದ ಕೊಡ ಹೊತ್ತವನ ಹಾಗೆ ನಡೆದು, ತೋಟದಂಚಿನಲ್ಲಿ ಇಟ್ಟು ಬಂದ. ಅಷ್ಟರಲ್ಲಿ ಜೇನು ಕಚ್ಚಿ ಅವನ ಮೂಗೂ ತುಟಿಯೂ ಊದಿ ಒಂದಾಗಿದ್ದವು. ಫೋಟೊ ನೋಡಿದವರು ಗಂಡು ಯಾರೆಂದು ಇವತ್ತಿಗೂ ಕೇಳುತ್ತಾರೆ.

ಆಮೇಲೆ ದಿನವೂ ನಡುರಾತ್ರಿ, ಅಜ್ಜಿಯ ಪಕ್ಕ ಮಲಗುತ್ತಿದ್ದ ನಾನು "ಜೇನು!" ಎಂದು ಕಿರುಚಿಕೊಂಡು ಏಳುತ್ತಿದ್ದೆ. ನೋಡಿದರೆ ಅಜ್ಜಿ, ಹೊಂಬಾಳೆ ಇಟ್ಟ ತನ್ನ ಕೈಯನ್ನೇ ಬೈದುಕೊಳ್ಳುತ್ತಾ ಎದ್ದೇ ಕೂತಿರುತ್ತಿದ್ದಳು. ಮುಂದಿನ ಭಾನುವಾರ ಹೊಸ ಜೋಡಿ ಊಟಕ್ಕೆ ಬಂತು. ಬಾವು ಇಳಿದ ಮುಖವನ್ನು ಅಜ್ಜಿ ಬಾಗಿಲಲ್ಲೇ ದಿಟ್ಟಿಸಿ, ಚಿಕ್ಕಮ್ಮನ ಕಿವಿಯಲ್ಲಿ ಇಡೀ ಬೀದಿಗೆ ಕೇಳುವಂತೆ ಪಿಸುಗುಟ್ಟಿದಳು: "ಅಳಿಯಂದಿರು ನೋಡಾಕೂ ಚೆನ್ನಾಗವ್ರೆ ಕಣೇ!"

ಅವತ್ತು ರಾತ್ರಿ ಅಜ್ಜಿಯ ಗೊರಕೆ ಕೇಳುತ್ತಾ ಮಲಗಿದ ನನಗೆ ಬೆಳಗಾದ ಮೇಲೆಯೇ ಎಚ್ಚರವಾದದ್ದು.