ಬಟ್ಟೆ ಮಲಗುವ ಹೊತ್ತು

ಅವಳನ್ನು ಇನ್ನು ಐದು ನಿಮಿಷದೊಳಗೆ ಸಾಗಹಾಕಬೇಕಿತ್ತು.

“ನೀನು ಹೊರಡಮ್ಮ, ಬಸ್ಸು ತಪ್ಪುತ್ತೆ,” ಎಂದ ಬನಿಯನ್ ಕಾರ್ಖಾನೆಯ ಕಟಿಂಗ್ ಮಾಸ್ಟರ್, ಗಡಿಯಾರವನ್ನೂ ನೋಡದೆ. ಅವಳು ನೋಟ್‌ಬುಕ್ ಮುಚ್ಚಿ ಚೀಲ ಹೆಗಲಿಗೇರಿಸಿದಳು. ಬಾಗಿಲಲ್ಲಿ ನಿಂತು, ದಿನಾ ಕೇಳುವುದನ್ನೇ ಕೇಳಿದಳು.

“ಇಷ್ಟೇನಾ ಮಾಸ್ಟ್ರೇ? ಇನ್ನೇನೂ ಉಳಿದಿಲ್ವಾ?”

ಇಷ್ಟೇ ಎಂದ. ಅವಳ ಹೆಜ್ಜೆ ಸದ್ದು ಮೆಟ್ಟಿಲಿಳಿದ ಮೇಲೆ ಮಂಡಿ ಹಿಡಿದುಕೊಂಡು ಎದ್ದ, ಮರುದಿನದ ಬನಿಯನ್ ಬಟ್ಟೆಯ ರೋಲ್ ಎಳೆದು ಹಿಂದಿನ ಮೇಜಿನ ಮೇಲೆ ಉದ್ದಕ್ಕೆ ಹರಡಿದ. ಸುತ್ತುವಾಗ ಯಂತ್ರ ಈ ಬಟ್ಟೆಯನ್ನು ಎಳೆದು ಹಿಗ್ಗಿಸಿರುತ್ತದೆ. ಬಿಚ್ಚಿ ಒಂದು ರಾತ್ರಿ ಮಲಗಿಸಿದರೆ ಮೈ ಸಡಿಲಿಸಿ ತನ್ನ ಅಳತೆಗೆ ಬರುತ್ತದೆ. ಬಿಚ್ಚಿದ ಕೂಡಲೇ ಕತ್ತರಿ ಹಾಕಿದರೆ ಬೆಳಗಾಗುವಷ್ಟರಲ್ಲಿ ಒಂದು ಬೆರಳು ಗಿಡ್ಡ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ವರ್ಷ ಬೈಸಿಕೊಂಡು ತಾನೇ ಕಂಡುಕೊಂಡದ್ದು. ಅದು ತನ್ನೊಬ್ಬನಿಗೇ ಗೊತ್ತು ಎಂದು ಅವನ ನಂಬಿಕೆ.

ಮ್ಯಾನೇಜರ್ ಅವಳನ್ನು ಕರೆತಂದದ್ದು ಮೂರು ತಿಂಗಳ ಹಿಂದೆ. ನಿಮ್ಮ ಕೈಯಲ್ಲಿರುವುದನ್ನೆಲ್ಲ ಇವರಿಗೆ ಕಲಿಸಿ, ಕೊನೆಗೊಂದು ಪರೀಕ್ಷೆ ಇಡೋಣ, ಆಮೇಲೆ ನಿಮ್ಮ ಮಂಡಿಗೂ ಸ್ವಲ್ಪ ವಿಶ್ರಾಂತಿ ಸಿಗಲಿ ಎಂದಿದ್ದರು. ಇಪ್ಪತ್ತಾರು ವರ್ಷ ನಿಂತು ಕತ್ತರಿಸಿದ ಮನುಷ್ಯನಿಗೆ ಈ ನಯವಾದ ಮಾತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದೇ ವಾರ ಮೇಲಿನ ಖಾಲಿ ಕೋಣೆಗೆ ಬಣ್ಣ ಬಿತ್ತು. ಹನ್ನೆರಡು ಸ್ಟೂಲು ಬಂದವು, ಜೊತೆಗೆ ಬೆನ್ನಿಗೆ ದಿಂಬಿರುವ ಒಂದು ಒಳ್ಳೆಯ ಕುರ್ಚಿ. ಇದೆಲ್ಲ ಈಯಮ್ಮನ ಸವಾರಿಗೇ ಎಂದುಕೊಂಡು ಮಾಸ್ಟರ್ ಮನಸ್ಸಿನಲ್ಲೇ ಅವಳಿಗೆ ಅಣಕದಿಂದ ಕೈಮುಗಿದ.

ಅವಳಿಗೆ ನಲವತ್ತರ ಆಸುಪಾಸು. ಹೆಚ್ಚು ಮಾತಿಲ್ಲ. ಹೆಬ್ಬೆರಳ ಬುಡದಲ್ಲಿ ಚರ್ಮ ಗಟ್ಟಿಯಾಗಿತ್ತು. ಮನೆಗೆಲಸ ಮಾಡಿ ಸವೆದ ಕೈ ಎಂದುಕೊಂಡ. ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು, ಹೇಳದೆ ಬಿಟ್ಟಾಗಲೂ ಏನೋ ಬರೆಯುತ್ತಿದ್ದಳು. ವಾರಕ್ಕೊಮ್ಮೆ ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಾಸ್ಟರ್ ಅವಳಿಗೆ ನೋಟ್‌ಬುಕ್ ಎಂದೇ ಹೆಸರಿಟ್ಟಿದ್ದ.

ಹಾಗೆಂದು ಅವನು ಕೆಟ್ಟದಾಗಿ ಕಲಿಸಲಿಲ್ಲ. ಗುರುತು ಹಾಕುವುದು, ಪದರ ಪೇರಿಸುವುದು, ಬಟ್ಟೆ ಚೂರಾಗಿ ಹಾಳಾಗದಂತೆ ಉಳಿಸುವುದು, ಎಲ್ಲ ಹೇಳಿಕೊಟ್ಟ. ಅವಳು “ಯಾಕೆ?” ಎಂದಾಗ ಉತ್ತರ ಹುಡುಕುತ್ತಾ ತನ್ನದೇ ಎರಡು ಹಳೆಯ ತಪ್ಪು ತಿದ್ದಿಕೊಂಡ. ಕಲಿಸುವಾಗ ಮಂಡಿನೋವು ಮರೆತೇ ಹೋಗುತ್ತಿತ್ತು. ಇದನ್ನು ಅವನು ಯಾರ ಮುಂದೆಯೂ ಒಪ್ಪುವವನಲ್ಲ. ಮನೆಯಲ್ಲಿ ಕಾಲಿಗೆ ಬಿಸಿನೀರ ಶಾಖ ಕೊಡುತ್ತಾ ಹೆಂಡತಿ, ಕಲಿಸಿಬಿಡಿ ಅಂದ್ರೆ, ಹೋಗುವಾಗ ಹೊತ್ಕೊಂಡು ಹೋಗ್ತೀರಾ ಎಂದಳು. ಅವನು ಗೋಡೆ ಕಡೆ ತಿರುಗಿದ. ಆ ಒಂದು ಗುಟ್ಟು ಬಾಯಿಬಿಟ್ಟರೆ ಈ ವಯಸ್ಸಿನಲ್ಲಿ ಕೆಲಸ ಹೋಗುತ್ತದೆ. ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ?

ಒಮ್ಮೆ ಅವಳು ಮರೆತ ಛತ್ರಿಗೆಂದು ವಾಪಸ್ಸು ಬಂದಳು. ಅವನು ರೋಲ್ ಬಿಚ್ಚುತ್ತಿದ್ದ.

“ನಾಳೆದು ಇವತ್ತೇ ಯಾಕೆ ಹರಡ್ತೀರಿ ಮಾಸ್ಟ್ರೇ?”

“ಬೆಳಿಗ್ಗೆ ಮಂಡಿ ಹಿಡ್ಕೊಳ್ಳುತ್ತೆ. ಅದಕ್ಕೆ.”

ಅವಳು ಚೀಲ ಕೆಳಗಿಟ್ಟಳು. ಇನ್ನೊಂದು ತುದಿ ಹಿಡಿದು ಹರಡಲು ನೆರವಾಗಿ, ಛತ್ರಿ ತೆಗೆದುಕೊಂಡು ಹೋದಳು. ಸುಳ್ಳು ದಕ್ಕಿತು ಎಂದು ಅವನು ಉಸಿರುಬಿಟ್ಟ.

ಪರೀಕ್ಷೆಯ ದಿನ ಮ್ಯಾನೇಜರ್ ಉಗ್ರಾಣದಿಂದ ಹೊಸ ರೋಲ್ ತರಿಸಿದರು. ಇಪ್ಪತ್ತು ಬನಿಯನ್ ಕತ್ತರಿಸಬೇಕು, ಮರುದಿನ ಅಳೆಯುವುದು. ಅವಳು ಬಟ್ಟೆ ಹರಡಿದಳು, ಅಂಗೈ ಹಿಂಬದಿಯಿಂದ ಒಮ್ಮೆ ಸವರಿದಳು. ಕತ್ತರಿಯನ್ನು ಮಾತ್ರ ಎತ್ತಲಿಲ್ಲ.

“ಈಗ್ಲೇ ಕತ್ತರಿಸ್ಲಾ ಮಾಸ್ಟ್ರೇ?”

ನಾಲಿಗೆ ತುದಿಗೆ ಬಂದಿತ್ತು. ಎರಡು ವರ್ಷ ತಾನು ತಿಂದ ಬೈಗುಳ ನೆನಪಾಯಿತು, ಅವಳ ಮೇಲೆ ನಿಜಕ್ಕೂ ಕನಿಕರವಾಯಿತು. ಮಂಡಿ ಚುಳುಕ್ ಎಂದಿತು.

“ಕತ್ತರಿಸು,” ಎಂದ.

ಮರುದಿನ ಇಪ್ಪತ್ತೂ ಒಂದು ಬೆರಳು ಗಿಡ್ಡ.

ಮ್ಯಾನೇಜರ್ ಇಬ್ಬರನ್ನೂ ಕರೆಸಿದರು. ಮಾಸ್ಟರ್ ಮುಖ ಸಪ್ಪಗೆ ಮಾಡಿಕೊಂಡು ನಿಂತ. ಕೈಲಾದಷ್ಟು ಕಲಿಸಿದೆ ಸಾರ್ ಎಂದ. ಮ್ಯಾನೇಜರ್ ಗಿಡ್ಡ ಬಟ್ಟೆಯತ್ತ ಕಣ್ಣು ಕೂಡ ಹಾಯಿಸಲಿಲ್ಲ. ನನಗೂ ಬೇಜಾರೇ, ಆದರೆ ನಿಮ್ಮ ಮೇಜು ನಿಮಗೇ ಇರುತ್ತದೆ ಎಂದರು. ಮಾಸ್ಟರ್‌ನ ಎದೆ ಹಗುರವಾಯಿತು. ಅಷ್ಟರಲ್ಲಿ ಅವರು ಎದ್ದು ತಮ್ಮ ಪಕ್ಕದ ಕುರ್ಚಿಯನ್ನು ಅವಳಿಗೆ ಎಳೆದುಕೊಟ್ಟರು.

“ತೋರಿಸಿಬಿಡಿ ಮೇಡಂ. ಅವರಿಗೂ ಗೊತ್ತಾಗ್ಲಿ.”

ಅವಳು ತಲೆ ಎತ್ತದೆ ನೋಟ್‌ಬುಕ್ಕನ್ನು ಅವನತ್ತ ಸರಿಸಿದಳು. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಮೇಲಿನ ತರಬೇತಿ ಕೋಣೆಗೆ ಗುರುವಿನ ಆಯ್ಕೆ. ಕೂತು ಮಾಡುವ ಕೆಲಸ, ಶಿಷ್ಯರು ಹನ್ನೆರಡು. ಪರೀಕ್ಷಿಸುವವರು ಎಂಬಲ್ಲಿ ಅವಳ ಹೆಸರು, ಅದರ ಮುಂದೆ, ಇದೇ ಕಂಪನಿಯ ಎರಡನೇ ಘಟಕದ ಕಟಿಂಗ್ ಮಾಸ್ಟರ್, ಹದಿನೆಂಟು ವರ್ಷ. ಪರೀಕ್ಷೆ ಕೊಡುವವರು ಎಂಬಲ್ಲಿ ಅವನ ಹೆಸರು.

ಅವನು ಪುಟ ತಿರುವಿದ. ಪ್ರತಿ ದಿನದ ಕೊನೆಯಲ್ಲೂ ಒಂದೇ ಸಾಲು: “ಬಟ್ಟೆ ಮಲಗಿಸುವುದನ್ನು ಇವತ್ತೂ ಹೇಳಲಿಲ್ಲ. ನಾಳೆ ಹೇಳಬಹುದು.”

ನಿನ್ನೆಯ ಪುಟದಲ್ಲಿ ಮಾತ್ರ, ನಾಳೆ ಹೇಳಬಹುದು ಎಂಬುದಿರಲಿಲ್ಲ.