ಚಿತ್ರದ ಕೆಳಗಿನ ಅಕ್ಷರ

ನನ್ನ ಮಗ ಪರದೇಶದ ಸಿನಿಮಾಗಳಿಗೆ ಕನ್ನಡದ ಮಾತು ಬರೆಯುತ್ತಾನೆ. ಚಿತ್ರದ ಕೆಳಗೆ ಅದು ಅಕ್ಷರವಾಗಿ ಓಡುತ್ತದೆ. ಹದಿನಾಲ್ಕು ವರ್ಷದ ಮೇಲೆ ಫೋನು ಮಾಡಿ, "ಟೌನ್‌ಹಾಲಲ್ಲಿ ನಾನು ಬರೆದಿರೋ ಸಿನಿಮಾ ಐತೆ, ಬಾ" ಎಂದ. ಹೋಗಿ ಅವನ ಪಕ್ಕದಲ್ಲಿ ಕುಳಿತೆ.

ಹದಿನಾಲ್ಕು ವರ್ಷದ ಹಿಂದೆ, ಮಗಳ ಮದುವೆಯ ದಿನ, ಚಿನ್ನದ ಸರ ಕಾಣದೆ ನೆಂಟರೆದುರಿಗೆ ಇವನನ್ನು ಕಳ್ಳ ಎಂದು ಹೊಡೆದಿದ್ದೆ. ಇವನು ಮನೆ ಬಿಟ್ಟ. ಎರಡು ತಿಂಗಳಿಗೆ ರಾಗಿ ಡ್ರಮ್ಮಿನ ತಳದಲ್ಲಿ ಸರ ಸಿಕ್ಕಿತು. ಮನೆ ತುಂಬ ಜನ ಎಂದು ನಾನೇ ಅಲ್ಲಿ ಹುದುಗಿಸಿಟ್ಟು ಮರೆತಿದ್ದೆ. "ನಾನೇ ಅವನಿಗೆ ಹೇಳ್ತೀನಿ, ನೀನು ಸುಮ್ಕಿರು" ಎಂದು ಹೆಂಡತಿಯ ಬಾಯಿ ಮುಚ್ಚಿಸಿದೆ. ಹೇಳಲಿಲ್ಲ.

ಸಿನಿಮಾ ಲಿಥುವೇನಿಯಾ ಅನ್ನುವ ದೇಶದ್ದಂತೆ. ಕೆರೆಯ ನಡುವೆ ಒಂದು ದೋಣಿ, ಅದರಲ್ಲಿ ಅಪ್ಪ ಮಗ ಇಬ್ಬರೇ. ನನಗೆ ಓದು ಬಾರದು.

"ಏನಂದ ಆ ಅಪ್ಪ?"

"'ಚಳಿ ಜಾಸ್ತಿ' ಅಂದ."

ಸ್ವಲ್ಪ ಹೊತ್ತಿಗೆ ಆ ಅಪ್ಪ ತಲೆ ತಗ್ಗಿಸಿಕೊಂಡು ಏನೋ ಗೊಣಗಿದ.

"ಈಗ?"

ಮಗ ತೆರೆಯಿಂದ ಕಣ್ಣು ತೆಗೆಯಲಿಲ್ಲ. "'ಸರ ರಾಗಿ ಡ್ರಮ್ಮಲ್ಲೇ ಇತ್ತು ಕಣ್ಲಾ' ಅಂದ."

ನಾನೂ ತೆರೆಯನ್ನೇ ನೋಡುತ್ತ ಕೇಳಿದೆ, "ಅದಕ್ಕೆ ಮಗ ಏನಂದ?"

"'ಸಿಕ್ಕಿದ ದಿನವೇ ಅವ್ವ ಹೇಳಿದ್ಲು. ನಿನ್ನ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ' ಅಂದ."

ತೆರೆಯ ಮೇಲೆ ಆ ಮಗ ತುಟಿ ಬಿಚ್ಚದೆ ಹುಟ್ಟು ಹಾಕುತ್ತಿದ್ದ.